ಮಗಳ ಓದು, ನಮ್ಮ ಕರಾರು

ಮದುವೆಯ ಮಾತು ಬಂದಾಗ ನಾಲ್ಕು ಮಂದಿ ಬಂಧುಗಳನ್ನು ಕೂಡಿಸಿ ಆಲೋಚಿಸುವುದು ನಮ್ಮ ಮನೆಗಳಲ್ಲಿ ಹಿಂದಿನಿಂದ ನಡೆದುಬಂದಿರುವ ಪದ್ಧತಿ. ಈಚೆಗೆ ಅದೇ ಮರ್ಯಾದೆ ಹತ್ತನೆಯ ತರಗತಿ ಮುಗಿಸಿದ ಮಗುವಿನ ಮುಂದಿನ ಓದಿಗೂ ಸಲ್ಲುತ್ತಿದೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬಿದ್ದ ದಿನದಿಂದ ಮೂರು ವಾರಗಳ ಕಾಲ ನಮ್ಮ ನಡುಮನೆಯಲ್ಲಿ ನಡೆದ ಸಭೆಗಳನ್ನೂ ಅವುಗಳಿಗೆ ಖರ್ಚಾದ ಕಾಫಿಪುಡಿಯನ್ನೂ ಲೆಕ್ಕ ಹಾಕಿದರೆ ಒಂದು ಸಣ್ಣ ನಿಶ್ಚಿತಾರ್ಥವನ್ನೇ ನಡೆಸಬಹುದಾಗಿತ್ತು. ಆ ವೃತ್ತಾಂತವನ್ನು ಇಲ್ಲಿ ಅರಿಕೆಮಾಡಿಕೊಳ್ಳುವುದಕ್ಕೆ ಕಾರಣವುಂಟು. ಈ ಪತ್ರಿಕೆಯನ್ನು ಓದುವ ಅನೇಕ ಮನೆಗಳಲ್ಲಿ ಇಂಥದೇ ಪ್ರಶ್ನೆ ಇಂದಲ್ಲ ನಾಳೆ ಎದ್ದೀತು. ಎದ್ದಾಗ ನಮಗಿಂತ ಬೇಗನೆ ಅದರ ತಿರುಳನ್ನು ಅವರು ಕಾಣಲಿ ಎಂಬುದೊಂದೇ ನಮ್ಮ ಉದ್ದೇಶ.

ನಾವು ವಾಸವಾಗಿರುವುದು ಬೆಂಗಳೂರಿನ ಪಶ್ಚಿಮಕ್ಕಿರುವ ದೀಪಾಂಜಲಿ ನಗರದಲ್ಲಿ. ಇತ್ತ ಮೈಸೂರು ರಸ್ತೆ, ಅತ್ತ ವಿಜಯನಗರದ ಕಡೆಗೆ ಹೋಗುವ ದಾರಿ. ಹಿಂದೊಮ್ಮೆ ತಿಳಿನೀರಿನದಾಗಿದ್ದು ಈಗ ಊರಿನ ಕೊಳೆಯನ್ನು ಹೊರುತ್ತಿರುವ ವೃಷಭಾವತಿಯೂ ದೂರವಿಲ್ಲ. ಈ ಭಾಗ ಮೊದಲಿನಿಂದಲೂ ಕಾರ್ಖಾನೆಗಳ ನೆರೆ. 1933ರಲ್ಲಿ ಸರ್ಕಾರಿ ವಿದ್ಯುತ್ ಕಾರ್ಖಾನೆಯೆಂದು ಹುಟ್ಟಿ ಈಗ ಕವಿಕಾ ಎನಿಸಿಕೊಂಡಿರುವ ಸಂಸ್ಥೆ ಇಲ್ಲಿಯದೇ. ಇಂಥ ನೆರೆಯಲ್ಲಿ ಬೆಳೆದ ಮಕ್ಕಳಿಗೆ ಟ್ರಾನ್ಸ್‌ಫಾರ್ಮರು ಎಂಬುದು ಪಾಠಪುಸ್ತಕದ ಚಿತ್ರವಲ್ಲ, ಬೀದಿಯ ಕೊನೆಯಲ್ಲಿ ಗುಂಯ್‌ಗುಟ್ಟುವ ಪರಿಚಿತ ಪ್ರಾಣಿ.

ನಮ್ಮ ಮಗಳಿಗೆ 15 ತುಂಬಿ 16 ನಡೆಯುತ್ತಿದೆ. ಪರೀಕ್ಷೆಯಲ್ಲಿ 625ಕ್ಕೆ 572 ಅಂಕಗಳು ಬಂದವು. ಬಂದ ದಿನವೇ ಅವಳು ತನ್ನ ಮನಸ್ಸನ್ನು ತಿಳಿಸಿಬಿಟ್ಟಳು. ಪಿ.ಯು.ಸಿ. ಬೇಡ, ಪಾಲಿಟೆಕ್ನಿಕ್ ಸೇರಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡುತ್ತೇನೆ ಎಂಬುದು ಅವಳ ಇಚ್ಛೆ. ಇದು ಒಮ್ಮೆಗೇ ಹುಟ್ಟಿದ ಆಸೆಯಲ್ಲವೆಂಬುದನ್ನು ನಾವು ಬಲ್ಲೆವು. ಎರಡು ವರ್ಷಗಳ ಹಿಂದೆ ನಿಂತುಹೋದ ಮಿಕ್ಸರನ್ನು ಬಿಚ್ಚಿ, ಸವೆದ ಕಾರ್ಬನ್ ಬ್ರಷ್ಷನ್ನು ಗುರುತಿಸಿ, ಅಂಗಡಿಯಿಂದ ಹೊಸದನ್ನು ತಂದು ಕೂಡಿಸಿ, ಅದು ಮತ್ತೆ ತಿರುಗಿದಾಗ ಅಡಿಗೆಮನೆಯಲ್ಲಿ ಅವಳು ಕುಣಿದ ಕುಣಿತ ಇನ್ನೂ ನಮ್ಮ ಕಣ್ಣಿಗೆ ಕಟ್ಟಿದಂತಿದೆ.

ಮನೆಯಲ್ಲಿ ಮೂರು ಅಭಿಪ್ರಾಯಗಳು ಎದ್ದವು. ನಮ್ಮ ಭಾವಮೈದುನರು ಬಂದು, ಇಷ್ಟು ಅಂಕ ತೆಗೆದ ಹುಡುಗಿಯನ್ನು ಡಿಪ್ಲೊಮಾಕ್ಕೆ ಹಾಕುವುದು ಬಂಗಾರವನ್ನು ಹಿತ್ತಾಳೆಯ ಬೆಲೆಗೆ ಮಾರಿದಂತೆ ಎಂದರು. ಊರಾಚೆ ಎಲ್ಲಿಯಾದರೂ ವಸತಿಯೊಡನೆ ಪ್ರವೇಶ ಪರೀಕ್ಷೆಯ ತರಬೇತಿಯನ್ನೂ ಕೊಡುವ ಪಿ.ಯು. ಕಾಲೇಜಿಗೆ ಸೇರಿಸಬೇಕೆಂಬುದು ಅವರ ಸಲಹೆ. ಅವರ ಸಹೋದ್ಯೋಗಿಯೊಬ್ಬರ ಮಗನನ್ನಂತೂ ಎಂಟನೆಯ ತರಗತಿಯಿಂದಲೇ ಅಂಥ ತರಬೇತಿಗೆ ಹಚ್ಚಿದ್ದರಂತೆ. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯವು ಹೊರಡಿಸಿದ ಮಾರ್ಗಸೂಚಿಯಲ್ಲಿ 16 ವರ್ಷಕ್ಕೆ ಕಡಿಮೆಯಾದ ಮಕ್ಕಳನ್ನು ತರಬೇತಿ ಕೇಂದ್ರಗಳು ಸೇರಿಸಿಕೊಳ್ಳಕೂಡದೆಂದು ಹೇಳಿರುವುದನ್ನು ನಾವು ನೆನಪು ಮಾಡಿದೆವು. ಅವರು ನಕ್ಕು, “ಭಾವ, ಕಾಗದದ ಮಾತು ಬೇರೆ, ಲೋಕದ ಓಟ ಬೇರೆ” ಎಂದರು.

ನಮ್ಮ ಮನೆಯವರ ಅಭಿಪ್ರಾಯ ಎರಡನೆಯದು. ವಸತಿ ಕಾಲೇಜೂ ಬೇಡ, ಪಾಲಿಟೆಕ್ನಿಕ್ಕೂ ಬೇಡ. ಹತ್ತಿರದ ಕಾಲೇಜಿನಲ್ಲಿ ವಿಜ್ಞಾನ ತೆಗೆದುಕೊಂಡು ಎರಡು ವರ್ಷ ಓದಲಿ, ಆ ವೇಳೆಗೆ ಬುದ್ಧಿಯೂ ಬಲಿಯುತ್ತದೆ. 15 ವರ್ಷದ ಕೂಸಿಗೆ ತನ್ನ ಜೀವಮಾನದ ಕಸುಬು ಯಾವುದೆಂದು ಹೇಗೆ ಗೊತ್ತಾಗಬೇಕು ಎಂಬುದು ಆಕೆಯ ಪ್ರಶ್ನೆ. ಇದು ಸುಲಭವಾಗಿ ತಳ್ಳಿಹಾಕತಕ್ಕ ಪ್ರಶ್ನೆಯಲ್ಲ.

ಮೂರನೆಯ ಅಭಿಪ್ರಾಯ ನಮ್ಮ ತಾಯಿಯವರದು. ಅವರು ಚನ್ನಪಟ್ಟಣದ ಕಡೆಯವರು. ಮಾವಿನ ತೋಪಿನಲ್ಲಿ ಬೆಳೆದವರು. ಫಲಿತಾಂಶದ ಕಾಲವೂ ಮಾವಿನ ಕಾಲವೂ ಒಂದೇ ಆದುದರಿಂದ, ಊರಿನಿಂದ ಬಂದ ಕಾಯಿಗಳನ್ನು ಹುಲ್ಲಿನಲ್ಲಿ ಒಟ್ಟುತ್ತಾ ಅವರು ಹೇಳಿದರು: “ಎಳೆಗಾಯಿ ಕಿತ್ತು ಹುಲ್ಲಿಗೆ ಹಾಕಿದರೆ ಸುರುಟಿಹೋಗುತ್ತೆ. ಮರದಲ್ಲೇ ಹಣ್ಣಾಗಲಿ ಅಂತ ಬಿಟ್ಟರೆ ಅಳಿಲಿನ ಪಾಲು. ದೋರಗಾಯಿ ನೋಡಿ ಕೀಳಬೇಕಪ್ಪ. ಮಗು ದೋರಗಾಯಿ ಆಗಿದೆಯೋ ಇಲ್ಲವೋ, ಅದನ್ನು ನೋಡು.” ಇದನ್ನು ಎರಡು ಪಕ್ಷದವರೂ ತಮ್ಮ ಪರವಾದ ಮಾತೆಂದೇ ಗ್ರಹಿಸಿದರು.

ಇನ್ನು ನಮ್ಮ ಅಭಿಪ್ರಾಯ. ಅದನ್ನು ನಾವು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಮಗಳು ಪಾಲಿಟೆಕ್ನಿಕ್ ಎಂದಾಗಲೆಲ್ಲ ನಮ್ಮ ಮುಖ ಗಂಟಿಕ್ಕುತ್ತಿತ್ತೆಂದು ಆಮೇಲೆ ಮನೆಯವರು ತಿಳಿಸಿದರು. ಕಡೆಗೊಂದು ರಾತ್ರಿ ಊಟಕ್ಕೆ ಕುಳಿತಾಗ ಮಗಳೇ ಕೇಳಿದಳು: “ಅಪ್ಪ, ನೀವೂ ಡಿಪ್ಲೊಮಾ ಓದಿದವರೇ ತಾನೆ? ನಿಮಗೆ ಅದು ನಾಚಿಕೆಯ ವಿಷಯವೇ?”

ನಾವು ಉತ್ತರ ಕೊಡಲಿಲ್ಲ. ಎಲೆಯ ಮುಂದಿನಿಂದ ಎದ್ದು ಕೈ ತೊಳೆದುಕೊಂಡು ಮಹಡಿಗೆ ಹೋದೆವು.

ಅದಕ್ಕೆ ಉತ್ತರವನ್ನು ಇಲ್ಲಿ ಬರೆಯುತ್ತೇವೆ. ನಾವು 1991ರಲ್ಲಿ, 19ನೆಯ ವಯಸ್ಸಿನಲ್ಲಿ ಡಿಪ್ಲೊಮಾ ಮುಗಿಸಿದೆವು. ಮುಂದೆ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ಆಸೆ ಬಲವಾಗಿತ್ತು. ಅದೇ ಬೇಸಿಗೆಯಲ್ಲಿ ನಮ್ಮ ತಂದೆಯವರು ಹಾಸಿಗೆ ಹಿಡಿದರು. ಡಿಪ್ಲೊಮಾ ಇದ್ದವನಿಗೆ ಕೆಲಸ ಸಿಕ್ಕುವುದು ಆಗ ಕಷ್ಟವಾಗಿರಲಿಲ್ಲ. ಒಂದೇ ವರ್ಷ, ತಂದೆಯವರು ಎದ್ದು ಓಡಾಡುವ ತನಕ ಎಂದುಕೊಂಡು ಒಂದು ಕಾರ್ಖಾನೆಯನ್ನು ಸೇರಿದೆವು. ತಂದೆಯವರು ಏಳಲಿಲ್ಲ. ಆಮೇಲೆ ತಂಗಿಯ ಮದುವೆ, ಆಮೇಲೆ ಮನೆಯ ಸಾಲ. ಆ ಒಂದು ವರ್ಷ ಇನ್ನೂ ಮುಗಿದಿಲ್ಲ. ಕಾರ್ಖಾನೆಯ ಹೆಸರು ಇಲ್ಲಿ ಅನಾವಶ್ಯಕ. ಅಲ್ಲಿ ಒಂದು ಮೆಟ್ಟಿಲಿತ್ತು. ಅದರ ಮೇಲಕ್ಕೆ ಪದವಿಯಿಲ್ಲದವನು ಏರುವಂತಿರಲಿಲ್ಲ. ನಾವು ಕೈಹಿಡಿದು ಯಂತ್ರದ ಮುಂದೆ ನಿಲ್ಲಿಸಿ ಕೆಲಸ ಕಲಿಸಿದ ಹುಡುಗರು, ಪದವಿಯ ಬಲದಿಂದ ಎರಡೇ ವರ್ಷಗಳಲ್ಲಿ ನಮ್ಮ ಮೇಲಧಿಕಾರಿಗಳಾದರು. ಅವರು ಒಳ್ಳೆಯವರೇ, ನಮ್ಮನ್ನು ಸಾರ್ ಎಂದೇ ಕರೆಯುತ್ತಿದ್ದರು. ಆದರೆ ರಜೆಯ ಅರ್ಜಿಗೆ ಅವರ ರುಜುವನ್ನೇ ಪಡೆಯಬೇಕಾಗಿತ್ತು. ನಾಚಿಕೆ ಓದಿನದಲ್ಲ, ನಡುವೆ ನಿಂತುಹೋದುದರದು. ಈ ಎರಡನ್ನೂ ನಾವು ಮೂವತ್ತು ವರ್ಷಗಳ ಕಾಲ ಒಂದೇ ಎಂದು ತಿಳಿದುಕೊಂಡಿದ್ದೆವು.

ನಮ್ಮ ಬೀದಿಯಲ್ಲಿ ವೃದ್ಧರಾದ ನಿವೃತ್ತ ಉಪಾಧ್ಯಾಯರೊಬ್ಬರಿದ್ದಾರೆ. ಮರುದಿನ ಸಾಯಂಕಾಲ ಅವರಲ್ಲಿಗೆ ಹೋದೆವು, ಮನೆಯವರೂ ಬಂದರು. ಇಷ್ಟು ಚಿಕ್ಕ ವಯಸ್ಸಿಗೆ ಕಾಲೇಜೇ ಎಂಬ ಆಕೆಯ ಸಂಶಯವನ್ನು ಕೇಳಿ ಅವರು ನಗುತ್ತಾ ಹಳೆಯ ಕಥೆಯನ್ನು ತೆಗೆದರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾದಾಗ ಪದವಿಯ ವ್ಯಾಸಂಗಕ್ಕೆ ಮೂರು ವರ್ಷವೆಂದು ಗೊತ್ತುಮಾಡಿ, ಅದಕ್ಕೆ ಮುಂಚಿನ ಒಂದು ವರ್ಷದ ಪ್ರವೇಶ ತರಗತಿಯನ್ನು ಆಯ್ದ ಕೆಲವು ಪ್ರೌಢಶಾಲೆಗಳಲ್ಲಿಯೇ ನಡೆಸಿದರು. ಅವುಗಳಿಗೆ ಕಾಲೇಜಿಯೇಟ್ ಹೈಸ್ಕೂಲು ಎಂಬ ಹೆಸರಿತ್ತು. ಇಂಟರ್‌ಮೀಡಿಯೆಟ್ ಕಾಲೇಜುಗಳು ಬಂದದ್ದು ಅದಾದ ಹತ್ತು ವರ್ಷಗಳ ಮೇಲೆ. ಶಾಲೆ ಎಲ್ಲಿ ಮುಗಿಯುತ್ತದೆ, ಕಾಲೇಜು ಎಲ್ಲಿ ಮೊದಲಾಗುತ್ತದೆ ಎಂಬ ಗೆರೆಯನ್ನು ದೇವರು ಎಳೆದದ್ದಲ್ಲ, ಸರ್ಕಾರದವರು ಕಾಲಕಾಲಕ್ಕೆ ಅಳಿಸಿ ಎಳೆದದ್ದು. ಇವತ್ತಿಗೂ ನಮ್ಮ ಸಂಯುಕ್ತ ಪದವಿಪೂರ್ವ ಕಾಲೇಜುಗಳಲ್ಲಿ ಎಂಟನೆಯ ತರಗತಿಯ ಮಕ್ಕಳೂ ಪಿ.ಯು. ವಿದ್ಯಾರ್ಥಿಗಳೂ ಒಂದೇ ಆವರಣದಲ್ಲಿ ಓಡಾಡುತ್ತಿಲ್ಲವೆ ಎಂದರು.

ಅಮೆರಿಕದ ಸಂಗತಿಯನ್ನೂ ಅವರು ತಿಳಿಸಿದರು. 1974ರಲ್ಲಿ ನ್ಯೂಯಾರ್ಕಿನ ಲಾಗಾರ್ಡಿಯಾ ಕಾಲೇಜಿನ ಆವರಣದಲ್ಲಿಯೇ ಒಂದು ಹೈಸ್ಕೂಲನ್ನು ತೆರೆದರು. 2002ರಿಂದೀಚೆಗೆ ಇದೇ ಬಗೆಯ ಶಾಲೆಗಳು ಆ ದೇಶದ ಅನೇಕ ಕಡೆ ಹಬ್ಬಿದವು. ಹದಿನಾಲ್ಕು ಹದಿನೈದರ ಮಕ್ಕಳು ಹೈಸ್ಕೂಲಿನಲ್ಲಿದ್ದುಕೊಂಡೇ ಕಾಲೇಜಿನ ವಿಷಯಗಳನ್ನು ಓದಿ, ಎರಡು ವರ್ಷದವರೆಗಿನ ಕಾಲೇಜು ವ್ಯಾಸಂಗವನ್ನು ಮುಗಿಸಿಕೊಳ್ಳಬಹುದಂತೆ. ಈ ಏರ್ಪಾಡು ಹೆಚ್ಚಾಗಿ ಬಡವರ ಮತ್ತು ಮೊದಲ ತಲೆಮಾರಿಗೆ ಕಾಲೇಜು ಕಾಣುವವರ ಮಕ್ಕಳಿಗಾಗಿ. ಚೀಟಿ ಎತ್ತಿ ಪ್ರವೇಶ ಕೊಟ್ಟ ಕಡೆಗಳಲ್ಲಿ, ಪ್ರವೇಶ ದೊರೆತವರನ್ನೂ ದೊರೆಯದವರನ್ನೂ ಹೋಲಿಸಿ ನೋಡಿದಾಗ ದೊರೆತವರೇ ಹೆಚ್ಚಿನ ಸಂಖ್ಯೆಯಲ್ಲಿ ಪದವಿ ಪಡೆದುದು ಕಂಡುಬಂದಿದೆ.

“ಹಾಗಾದರೆ ಬೇಗ ಸೇರಿಸುವುದೇ ಮೇಲೋ?” ಎಂದು ಮನೆಯವರು ಕೇಳಿದರು. ಅವರು ತಲೆಯಾಡಿಸಿದರು. “ಅಲ್ಲ ತಾಯಿ. ಅಲ್ಲಿ ಮಗುವಿನ ಒಂದು ಕೈಯನ್ನು ಶಾಲೆ ಹಿಡಿದುಕೊಂಡಿರುತ್ತೆ, ಇನ್ನೊಂದನ್ನು ಕಾಲೇಜು ಹಿಡಿಯುತ್ತೆ. ನಮ್ಮಲ್ಲಿ ಹತ್ತನೆಯ ತರಗತಿ ಮುಗಿದ ದಿವಸ ಶಾಲೆ ಕೈ ಬಿಡುತ್ತೆ. ಆ ಕೈಯನ್ನು ಹಿಡಿಯಬೇಕಾದವರು ಮನೆಯವರು. ಹುಡುಗಿ ತಯಾರಾಗಿದ್ದಾಳೆಯೇ ಅಂತ ಮಾತ್ರ ಕೇಳುತ್ತಿದ್ದೀರಿ. ನೀವು ತಯಾರಾಗಿದ್ದೀರಾ?”

ಮುಂದಿನ ಭಾನುವಾರ ನಾವು ಒಂದು ಕಾಗದದ ಮೇಲೆ ಎರಡು ದಾರಿಗಳ ಲೆಕ್ಕವನ್ನು ಬರೆದು ಮಗಳ ಮುಂದಿಟ್ಟೆವು. ಇದೇ ಆಲೋಚನೆಯಲ್ಲಿರುವ ವಾಚಕರಿಗೆ ಪ್ರಯೋಜನವಾದೀತೆಂದು ಅದನ್ನು ಇಲ್ಲಿ ಕಾಣಿಸುತ್ತೇವೆ. ಪಿ.ಯು.ಸಿ. ಎರಡು ವರ್ಷ, ಎಂಜಿನಿಯರಿಂಗ್ ನಾಲ್ಕು ವರ್ಷ, ಒಟ್ಟು ಆರು. ಡಿಪ್ಲೊಮಾ ಮೂರು ವರ್ಷ, ಅಂದರೆ ಆರು ಸೆಮಿಸ್ಟರು. ಅದಾದಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಡಿ.ಸಿ.ಇ.ಟಿ. ಎಂಬ ಪ್ರವೇಶ ಪರೀಕ್ಷೆಯನ್ನು ಬರೆದು ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರಿದರೆ ಇನ್ನು ಮೂರು ವರ್ಷ. ಒಟ್ಟು ಇದೂ ಆರೇ. ಡಿಪ್ಲೊಮಾ ಹಾದಿಯಲ್ಲಿ ಕಾಲ ಉಳಿಯುತ್ತದೆಂದು ಕೆಲವರೂ, ಕಾಲ ಕಳೆಯುತ್ತದೆಂದು ಕೆಲವರೂ ಹೇಳುವುದುಂಟು, ಎರಡೂ ನಿಜವಲ್ಲ.

ವ್ಯತ್ಯಾಸವಿರುವುದು ಬಾಗಿಲುಗಳಲ್ಲಿ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದದವರಿಗೆ ವೈದ್ಯವಿದ್ಯೆಯ ನೀಟ್ ಪರೀಕ್ಷೆಯಿಲ್ಲ. ಆದುದರಿಂದ ಡಿಪ್ಲೊಮಾ ಹಿಡಿದ ಹುಡುಗಿಗೆ ಆ ಬಾಗಿಲು 16ಕ್ಕೇ ಮುಚ್ಚುತ್ತದೆ. ಎಂಜಿನಿಯರಿಂಗಿಗೆ ನಡುವೆ ಬಂದು ಸೇರುವವರಿಗೆ ಗಣಿತ ತೊಡಕಾಗುವುದೂ ಉಂಟು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವು ಇಂಥವರಿಗೆ ಹೆಚ್ಚುವರಿ ಗಣಿತವನ್ನು ಕಡ್ಡಾಯ ಮಾಡಿದ್ದುದು ಇದೇ ಕಾರಣಕ್ಕಾಗಿ. ಮತ್ತೊಂದು ಪಕ್ಕದಲ್ಲಿ, ಪಿ.ಯು.ಸಿ. ಮುಗಿಸಿದವಳ ಕೈಯಲ್ಲಿ ಇನ್ನೂ ಯಾವ ಕಸುಬೂ ಇರುವುದಿಲ್ಲ. ಡಿಪ್ಲೊಮಾ ಮುಗಿಸಿದವಳು 19ಕ್ಕೆ ತನ್ನ ಅನ್ನವನ್ನು ತಾನು ಸಂಪಾದಿಸಬಲ್ಲಳು.

ಮಗಳು ಕಾಗದವನ್ನು ಎರಡು ಸಲ ಓದಿ, “ಡಾಕ್ಟರಾಗುವ ಮನಸ್ಸು ನನಗೆ ಮೊದಲಿನಿಂದಲೂ ಇಲ್ಲ, ಅಪ್ಪ. ಗಣಿತಕ್ಕೆ ಮಾತ್ರ ಭಯ ಉಂಟು” ಎಂದಳು. ತನ್ನ ಭಯ ಯಾವುದೆಂದು ಸ್ಪಷ್ಟವಾಗಿ ಬಲ್ಲ ಮಗು ಎಳೆಗಾಯಿಯಲ್ಲವೆಂದು ಆಗಲೇ ನಮಗೆ ತೋರಿತು.

ಆ ವಾರ ಅವಳನ್ನು ಕರೆದುಕೊಂಡು ಹೋಗಿ ಶೇಷಾದ್ರಿ ರಸ್ತೆಯ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕನ್ನು ತೋರಿಸಿದೆವು. ನಮ್ಮಲ್ಲಿ 2015ರ ನವೆಂಬರಿನಿಂದ ಮೆಟ್ರೋ ನಿಲ್ದಾಣವಿರುವುದರಿಂದ, ಹತ್ತಿ ಕುಳಿತರೆ ಗಾಡಿ ಬದಲಾಯಿಸದೆ ಸೆಂಟ್ರಲ್ ಕಾಲೇಜಿನ ಬಳಿಯ ನಿಲ್ದಾಣದಲ್ಲಿ ಇಳಿಯಬಹುದು. ಆ ನಿಲ್ದಾಣಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು. ಅವರ ಪ್ರಯತ್ನದಿಂದ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಎಂಬ ಹೆಸರಿನಲ್ಲಿ ಮೊದಲಾದ ಸಂಸ್ಥೆಯೇ ಈ ಪಾಲಿಟೆಕ್ನಿಕ್. ಮೈಸೂರಿನ ವಿ. ಕೆ. ಮೂರ್ತಿಯವರು 1940ರ ದಶಕದಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಪಡೆದದ್ದು ಇಲ್ಲಿ. ಗುರುದತ್ತರ ಚಿತ್ರಗಳಿಗೆ ಕ್ಯಾಮೆರಾ ಹಿಡಿದ ಅವರು 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಗೆ ಪಾತ್ರರಾದರು. ಡಿಪ್ಲೊಮಾ ಎಂದರೆ ಅರ್ಧ ಓದು ಎಂದು ಭಾವಮೈದುನರು ಹೇಳಿದ್ದಕ್ಕೆ ಮಗಳು ಈ ಹೆಸರನ್ನು ಉತ್ತರವಾಗಿ ಇಟ್ಟುಕೊಂಡಳು.

ಆದರೆ ನಮ್ಮ ಮನಸ್ಸಿನಲ್ಲಿ ಉಳಿದದ್ದು ಉಪಾಧ್ಯಾಯರ ಪ್ರಶ್ನೆ. ಹಿಂತಿರುಗುವಾಗ ಮೆಟ್ರೋ ಗಾಡಿಯಲ್ಲಿ ಕುಳಿತು ಯೋಚಿಸುತ್ತಾ ಬಂದೆವು. 1991ರಲ್ಲಿ ನಮ್ಮನ್ನು ತಡೆದದ್ದು ಯಾವುದು? ವಯಸ್ಸಲ್ಲ, ಬುದ್ಧಿಯ ಕೊರತೆಯೂ ಅಲ್ಲ. ಸಂಪಾದಿಸಬಲ್ಲ ಮಗನೊಬ್ಬ ಮನೆಯಲ್ಲಿದ್ದನೆಂಬುದೇ ತಡೆ. ಪಿ.ಯು.ಸಿ. ಓದಿದ ಹುಡುಗನನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಆದುದರಿಂದ ಅವನನ್ನು ಓದಲು ಬಿಟ್ಟುಬಿಡುತ್ತಾರೆ. ಬೇಗ ಫಲ ಕೊಡುವ ಮರಕ್ಕೇ ಮೊದಲು ಕಲ್ಲು ಬೀಳುವುದು. ಆ ಕಲ್ಲನ್ನು ಎಸೆಯುವವರು ಹೊರಗಿನವರಲ್ಲ, ಮನೆಯವರು. ಅದೂ ಪ್ರೀತಿಯಿಂದ, ಕಷ್ಟದಿಂದ, ಒಂದೇ ವರ್ಷವೆಂದು ಹೇಳಿಕೊಂಡು. ನಮ್ಮ ತಂದೆಯವರನ್ನು ನಾವು ದೂರುತ್ತಿಲ್ಲ. ಅವರು ನಮ್ಮನ್ನು ಕೆಲಸಕ್ಕೆ ಹೋಗೆಂದು ಒಮ್ಮೆಯೂ ಹೇಳಲಿಲ್ಲ. ಬೇಡವೆಂದೂ ಹೇಳಲಿಲ್ಲ, ಅಷ್ಟೆ.

ಆ ರಾತ್ರಿ ಮನೆಯವರಿಗೆ ಇದನ್ನೆಲ್ಲ ತಿಳಿಸಿದೆವು. ಮದುವೆಯಾಗಿ 20 ವರ್ಷಗಳಾದರೂ ಈ ಮಾತನ್ನು ಅವರಲ್ಲಿ ಹೇಳಿರಲಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದು, “ಸೇರಿಸೋಣ. ಆದರೆ ಷರತ್ತು ಅವಳಿಗೆ ಹಾಕುವುದಲ್ಲ, ನಾವು ಹಾಕಿಕೊಳ್ಳುವುದು. ಬಾಯಿಮಾತಿನಲ್ಲಿ ಬೇಡ, ಬರೆದಿಡಿ” ಎಂದರು. ಮನೆಯ ಖರ್ಚಿನ ಪುಸ್ತಕದ ಕೊನೆಯ ಹಾಳೆಯಲ್ಲಿ ನಾವು ಬರೆದ ಕರಾರು ಇದು.

ಒಂದನೆಯದು: ಡಿಪ್ಲೊಮಾ ಮುಗಿದಮೇಲೆ ಅವಳಾಗಿ ಸಾಕೆನ್ನುವವರೆಗೆ, ಸಂಬಳದ ಮಾತನ್ನು ಈ ಮನೆಯಲ್ಲಿ ಯಾರೂ ಎತ್ತತಕ್ಕದ್ದಲ್ಲ, ಮನೆಗೆ ಎಂಥ ಕಷ್ಟ ಬಂದರೂ ಅದಕ್ಕೆ ದಾರಿ ನಾವು ಹುಡುಕತಕ್ಕದ್ದು. ಎರಡನೆಯದು: ಮುಂದಿನ ಮೂರು ವರ್ಷದ ಫೀಜಿಗಾಗಿ ಈಗಿನಿಂದಲೇ ತಿಂಗಳು ತಿಂಗಳು ಒಂದು ಮೊತ್ತವನ್ನು ಬೇರೆ ಖಾತೆಯಲ್ಲಿ ಇಡುವುದು. ಮೂರನೆಯದು: ಗಣಿತಕ್ಕಾಗಿ ವಾರಕ್ಕೆ ಎರಡು ಸಂಜೆ ತಂದೆಯೂ ಅವಳೊಡನೆ ಪುಸ್ತಕ ಹಿಡಿದು ಕೂರುವುದು, ಮರೆತುಹೋಗಿದೆಯೆಂಬ ನೆಪ ಸಲ್ಲದು. ನಾಲ್ಕನೆಯದು: ಮೊದಲ ವರ್ಷದಲ್ಲಿ ಈ ದಾರಿ ತನ್ನದಲ್ಲವೆಂದು ಅವಳಿಗೆ ತೋರಿದರೆ ಹಿಂತಿರುಗಿ ಪಿ.ಯು.ಸಿ. ಸೇರಬಹುದು, ಕಳೆದ ಆ ವರ್ಷವನ್ನು ಯಾರೂ ಎತ್ತಿ ಆಡಕೂಡದು. ಕೆಳಗೆ ನಾವಿಬ್ಬರೂ ರುಜು ಹಾಕಿದೆವು. ನಮ್ಮ ತಾಯಿಯವರೂ ಕನ್ನಡಕವನ್ನು ಹುಡುಕಿ ತೆಗೆದು ತಮ್ಮ ಹೆಸರನ್ನು ಬರೆದರು.

ಈಗ ತರಗತಿಗಳು ಆರಂಭವಾಗಿ ನಾಲ್ಕು ತಿಂಗಳಾದುವು. ವರ್ಕ್‌ಷಾಪಿನಲ್ಲಿ ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಉಜ್ಜಿ ಅವಳ ಅಂಗೈಯಲ್ಲಿ ಬೊಕ್ಕೆಗಳೆದ್ದಿವೆ. ಅಜ್ಜಿ ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. ಗಣಿತ ನಿಧಾನವಾಗಿ ಸಾಗಿದೆ. ಅವಳಿಗಿಂತಲೂ ನಮಗೇ ಅದು ಹೆಚ್ಚು ಕಷ್ಟವಾಗುತ್ತಿದೆಯೆಂದು ಒಪ್ಪಿಕೊಳ್ಳಲೇಬೇಕು. ಭಾವಮೈದುನರು ಬಂದಾಗ ಈ ವಿಷಯವನ್ನು ಬಿಟ್ಟು ಬೇರೆಯೆಲ್ಲವನ್ನೂ ಮಾತನಾಡುತ್ತಾರೆ. ನಾವು ಆರಿಸಿದ ದಾರಿಯೇ ಸರಿಯೆಂದು ಸಾರುವ ಧೈರ್ಯ ನಮಗಿಲ್ಲ. ಅದು ತಿಳಿಯಲು ಇನ್ನೂ ಆರು ವರ್ಷ ಬೇಕು. ಬೇರೊಂದು ಮಗುವಿಗೆ ಪಿ.ಯು.ಸಿ.ಯೇ ತಕ್ಕದ್ದಾಗಿರಬಹುದು.

ಹೋದ ತಿಂಗಳು ತಾಯಿಯವರ ಕಣ್ಣಿನ ಪೊರೆಗೆ ಶಸ್ತ್ರಚಿಕಿತ್ಸೆಯಾಗಬೇಕೆಂದು ವೈದ್ಯರು ಹೇಳಿದರು. ಅದೇ ವಾರ ಮಾಳಿಗೆಯ ಸೋರಿಕೆಯ ರಿಪೇರಿಯೂ ಎದುರಾಯಿತು. ರಾತ್ರಿ ಖರ್ಚಿನ ಪುಸ್ತಕ ಬಿಚ್ಚಿಕೊಂಡು ಕುಳಿತವರು, ಇದನ್ನು ತಳ್ಳಿ ಅದನ್ನು ತಳ್ಳಿ ಕೂಡುತ್ತಾ ಕಳೆಯುತ್ತಾ, ಹೇಗೂ ಇನ್ನು ಎರಡು ವರ್ಷ ಎಂಟು ತಿಂಗಳಿಗೆ ಮಗಳ ಡಿಪ್ಲೊಮಾ ಮುಗಿಯುತ್ತದಲ್ಲವೆ ಎಂದು ನಮಗರಿವಿಲ್ಲದೆಯೇ ಎಣಿಸಿಬಿಟ್ಟೆವು. ಎಣಿಸಿದ ಮರುಕ್ಷಣ ಕೈ ನಿಂತಿತು. ಹಾಳೆಗಳನ್ನು ಮಗುಚಿ ಕೊನೆಯ ಹಾಳೆಗೆ ಬಂದು ಮೂರು ರುಜುಗಳನ್ನೂ ನೋಡಿದೆವು. ಆಮೇಲೆ ಮಾಳಿಗೆಯ ರಿಪೇರಿಯನ್ನು ಮುಂದಿನ ಬೇಸಿಗೆಗೆ ಹಾಕಿ, ಪುಸ್ತಕ ಮುಚ್ಚಿ, ದೀಪವಾರಿಸಿದೆವು.